ಹಳೆಯ ಬಸ್ಸಿನ ಎಂಜಿನ್ನಿಗೆ ಮೂರು ಅಂಗುಲದ ತೂತು



‘ರಿಬೇಟು’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಗಾಂಧಿ ಜಯಂತಿಯ ದಿನಗಳಲ್ಲಿ ಖಾದಿ ಭಂಡಾರದ ಬಾಗಿಲಿಗೆ ಕಟ್ಟುವ ಬಟ್ಟೆಯ ಫಲಕ ನೆನಪಾಗಬಹುದು. ಮನೆ ಕಂದಾಯವನ್ನು ಏಪ್ರಿಲ್ ತಿಂಗಳಿನಲ್ಲೇ ಕಟ್ಟಿದವರಿಗೆ ಬೆಂಗಳೂರಿನಲ್ಲಿ ಸಿಗುವ ನೂರಕ್ಕೆ ಐದರ ರಿಯಾಯಿತಿ ನೆನಪಾಗಬಹುದು. ಒಟ್ಟಿನಲ್ಲಿ ರಿಬೇಟು ಎಂದರೆ ಕೊಳ್ಳುವವನಿಗೆ, ಕಟ್ಟುವವನಿಗೆ ಉಳಿಯುವ ನಾಲ್ಕು ಕಾಸು ಎಂದೇ ನಾವು ತಿಳಿದಿದ್ದೇವೆ.

ಈ ಪುಟಗಳಲ್ಲಿ ನಾವು ಪರಿಚಯ ಮಾಡಿಕೊಳ್ಳಲಿರುವ ರಿಬೇಟು ಸ್ವಲ್ಪ ವಿಚಿತ್ರವಾದದ್ದು. ಅಮೆರಿಕದಲ್ಲಿ ಹಳೆಯ ಡೀಸೆಲ್ ಶಾಲಾ ಬಸ್ಸನ್ನು ಬಿಟ್ಟು ಹೊಸದನ್ನು ಕೊಳ್ಳುವ ಶಾಲೆಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ರಿಬೇಟು ಕೊಡುತ್ತಾ ಬಂದಿದೆ. ಆದರೆ ಹಣ ಕೈಗೆ ದಕ್ಕಬೇಕಾದರೆ ಹೊಸ ಬಸ್ಸಿನ ರಸೀದಿ ತೋರಿಸಿದರೆ ಸಾಲದು. ಹಳೆಯ ಬಸ್ಸಿನ ಎಂಜಿನ್ ಬ್ಲಾಕಿನಲ್ಲಿ ಮೂರು ಅಂಗುಲದ ತೂತು ಕೊರೆಯಬೇಕು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಚಾಸಿಯ ಎರಡೂ ಪಟ್ಟಿಗಳನ್ನು ಕತ್ತರಿಸಬೇಕು. ಅದಕ್ಕೆ ಸಾಕ್ಷಿಯಾಗಿ ಛಾಯಾಚಿತ್ರಗಳನ್ನು ಒಪ್ಪಿಸಬೇಕು. ಹೊಸದನ್ನು ಕೊಳ್ಳುವುದಕ್ಕೆ ಸಹಾಯ, ನಿಜ. ಆದರೆ ಸರ್ಕಾರ ನಿಜವಾಗಿ ಬೆಲೆ ಕಟ್ಟುತ್ತಿರುವುದು ಹಳೆಯದರ ಮರಣಕ್ಕೆ.

ಚೆನ್ನಾಗಿ ಓಡುತ್ತಿರುವ ಬಸ್ಸೊಂದನ್ನು ಸರ್ಕಾರದ ದುಡ್ಡಿನಲ್ಲೇ ಹೀಗೆ ಮುರಿದು ಹಾಕುವುದೇಕೆ? ನಮ್ಮಂತಹ, ಹಳೆಯ ಬಟ್ಟೆಯನ್ನೂ ಒರಸುವ ಬಟ್ಟೆಯಾಗಿ ಉಳಿಸಿಕೊಳ್ಳುವ ಜನಕ್ಕೆ ಇದು ದುಂದುಗಾರಿಕೆಯಂತೆ ಕಾಣುವುದು ಸಹಜ. ಇದರ ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ, 1939ನೆಯ ಇಸವಿಗೆ ಹೋಗಬೇಕು.

ಹಳದಿ ಬಸ್ಸು ಹುಟ್ಟಿದ್ದು

ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಏಳು ದಿನಗಳ ಒಂದು ಸಮಾವೇಶ ನಡೆಯಿತು. ಕರೆದವರು ಗ್ರಾಮೀಣ ಶಿಕ್ಷಣದ ಪ್ರಾಧ್ಯಾಪಕ ಫ್ರಾಂಕ್ ಸೈರ್. ಆಗ ಅಮೆರಿಕದಲ್ಲಿದ್ದ 48 ರಾಜ್ಯಗಳಿಂದಲೂ ಶಿಕ್ಷಣ ಮತ್ತು ಸಾರಿಗೆಯ ಅಧಿಕಾರಿಗಳು ಬಂದಿದ್ದರು. ಬಸ್ಸು ಕಟ್ಟುವವರೂ ಬಣ್ಣ ತಯಾರಿಸುವವರೂ ಬಂದಿದ್ದರು. ಅಲ್ಲಿಯವರೆಗೆ ಒಂದೊಂದು ಊರಿನ ಶಾಲಾ ಬಂಡಿಗೆ ಒಂದೊಂದು ಬಣ್ಣ, ಒಂದೊಂದು ಅಳತೆ. ಕೆಲವು ಕಡೆ ಕುದುರೆಗಾಡಿಯೇ ಇನ್ನೂ ಮಕ್ಕಳನ್ನು ಹೊರುತ್ತಿತ್ತು. ಸಮಾವೇಶವು ಎತ್ತರ, ಅಗಲ, ಓಣಿಯ ಅಳತೆ ಮೊದಲಾಗಿ 44 ನಿಯಮಗಳನ್ನು ಗೊತ್ತುಪಡಿಸಿತು. ಅವುಗಳಲ್ಲಿ ಒಂದು ಬಸ್ಸಿನ ಬಣ್ಣ. ಬೆಳಗಿನ ಮಬ್ಬಿನಲ್ಲೂ ಸಂಜೆಯ ಮಸುಕಿನಲ್ಲೂ ಎದ್ದು ಕಾಣುವ, ಮೇಲೆ ಬರೆದ ಕಪ್ಪು ಅಕ್ಷರ ಸ್ಪಷ್ಟವಾಗಿ ಓದಲು ಬರುವ ಹಳದಿಯನ್ನು ಆರಿಸಿದರು.

ಗಮನಿಸಿ, ಆ 44 ನಿಯಮಗಳ ಹಿಂದಿದ್ದ ಚಿಂತೆ ಒಂದೇ: ಮಗು ಸುರಕ್ಷಿತವಾಗಿ ಶಾಲೆ ಮುಟ್ಟಬೇಕು. ಈ ಚಿಂತೆಯೇ ಮುಂದೆ ಸೀಟಿನ ಬೆನ್ನು, ತುರ್ತು ಬಾಗಿಲು, ಛಾವಣಿಯ ಬಲ ಮೊದಲಾದ ಕಟ್ಟುನಿಟ್ಟಿನ ನಿಯಮಗಳಾಗಿ 1977ರಲ್ಲಿ ಜಾರಿಗೆ ಬಂತು. ಹೊರಗಿನಿಂದ ಬಂದು ಗುದ್ದುವ ಅಪಾಯಗಳನ್ನೆಲ್ಲ ಯೋಚಿಸಿದ್ದಾಯಿತು. ಬಸ್ಸಿನ ಒಳಗೇ ಕುಳಿತ ಮಗು ಏನನ್ನು ಉಸಿರಾಡುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಬಹುಕಾಲ ಯಾರೂ ಕೇಳಲಿಲ್ಲ.

ದೀರ್ಘಾಯುಷಿ ಡೀಸೆಲ್

ಮೊದಮೊದಲು ಈ ಹಳದಿ ಬಸ್ಸುಗಳು ಹೆಚ್ಚಾಗಿ ಪೆಟ್ರೋಲಿನಲ್ಲಿ ಓಡುತ್ತಿದ್ದವು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಲೆಕ್ಕಾಚಾರ ಬದಲಾಯಿತು. ಡೀಸೆಲ್ ಎಂಜಿನ್ ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುತ್ತದೆ, ಭಾರ ಎಳೆಯುತ್ತದೆ, ಮುಖ್ಯವಾಗಿ, ಬೇಗ ಸಾಯುವುದಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖಕ್ಕೆ ಇಂಧನವನ್ನು ಚಿಮುಕಿಸಿದರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಆ ಒತ್ತಡವನ್ನು ತಡೆಯಲು ಎಂಜಿನ್ನನ್ನು ದಪ್ಪ ಎರಕದಲ್ಲಿ ಕಟ್ಟಬೇಕಾಗುತ್ತದೆ. ಹಾಗಾಗಿಯೇ ಅದು ಗಟ್ಟಿ. ಹೀಗೆ ಇಂಧನ ಚಿಮುಕಿಸುವ ಪಂಪು ಬೆಂಗಳೂರಿನವರಿಗೆ ಹೊಸದೇನಲ್ಲ. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ ನಮ್ಮ ಲಾರಿ, ಟ್ರಾಕ್ಟರುಗಳಿಗೆ ತಯಾರಿಸಿಕೊಟ್ಟದ್ದು ಇಂಥ ಪಂಪುಗಳನ್ನೇ.

ಶಾಲೆಯ ಬಸ್ಸು ದಿನವಿಡೀ ಓಡುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ರಜಾದಿನಗಳಲ್ಲಿ ವಿಶ್ರಾಂತಿ. ಇಂಥ ಕೆಲಸಕ್ಕೆ ಡೀಸೆಲ್ ಎಂಜಿನ್ ಹಾಕಿದರೆ ಇಪ್ಪತ್ತು, ಇಪ್ಪತ್ತೈದು ವರ್ಷ ಜಗ್ಗುವುದಿಲ್ಲ. 1990ರ ದಶಕ ಮುಗಿಯುವ ವೇಳೆಗೆ ಅಮೆರಿಕದ ಬಹುಪಾಲು ಶಾಲಾ ಬಸ್ಸುಗಳು ಡೀಸೆಲಿನವೇ ಆಗಿದ್ದವು. ಅಲ್ಲಿ ಶಾಲಾ ಬಸ್ಸುಗಳ ಒಟ್ಟು ಸಂಖ್ಯೆ ಸುಮಾರು 4 ಲಕ್ಷ 80 ಸಾವಿರ. ಅವುಗಳಲ್ಲಿ ಓಡಾಡುವ ಮಕ್ಕಳು ಸುಮಾರು ಎರಡೂವರೆ ಕೋಟಿ.

ಅಲ್ಲಿನ ಶಾಲೆಗಳ ವ್ಯವಸ್ಥೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಸರ್ಕಾರಿ ಶಾಲೆಗಳನ್ನು ‘ಶಾಲಾ ಜಿಲ್ಲೆ’ಗಳೆಂಬ ಸ್ಥಳೀಯ ಮಂಡಳಿಗಳು ನಡೆಸುತ್ತವೆ. ಅವುಗಳ ಆದಾಯದ ದೊಡ್ಡ ಪಾಲು ಬರುವುದು ಆಯಾ ಊರಿನ ಮನೆ, ಜಮೀನುಗಳ ಕಂದಾಯದಿಂದ. ಸಿರಿವಂತರ ಬಡಾವಣೆಯ ಶಾಲಾ ಜಿಲ್ಲೆ ಹತ್ತು ವರ್ಷಕ್ಕೊಮ್ಮೆ ಹೊಸ ಬಸ್ಸು ಕೊಳ್ಳಬಲ್ಲದು. ಬಡ ಊರಿನ ಮಕ್ಕಳಿಗೆ ಪಾಲಿಗೆ ಬಂದದ್ದು ಪಂಚಾಮೃತ. ಅಪ್ಪ ಕುಳಿತು ಹೋದ ಬಸ್ಸಿನಲ್ಲೇ ಮಗನೂ ಹೋಗುವುದುಂಟು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹೊಗೆ ಹೊರಗಲ್ಲ, ಒಳಗೆ

ಡೀಸೆಲಿನ ಹೊಗೆಯಲ್ಲಿ ಎರಡು ಮುಖ್ಯ ಕೇಡುಗಳಿವೆ. ಒಂದು, ನೈಟ್ರೋಜನ್ ಆಕ್ಸೈಡುಗಳು. ಇವು ಬಿಸಿಲಿನಲ್ಲಿ ಇತರ ಅನಿಲಗಳೊಡನೆ ಸೇರಿ ಉಸಿರು ಕಟ್ಟಿಸುವ ಓಝೋನ್ ಆಗುತ್ತವೆ. ಇನ್ನೊಂದು, ಮಸಿಯ ಕಣಗಳು. ಈ ಕಣಗಳು ಎಷ್ಟು ಸೂಕ್ಷ್ಮವೆಂದರೆ ಮೂಗಿನ ಕೂದಲು, ಗಂಟಲಿನ ಕಫ ಯಾವುದೂ ಅವನ್ನು ತಡೆಯಲಾರವು. ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮಕ್ಕಳ ಮಟ್ಟಿಗೆ ಅಪಾಯ ಇನ್ನೂ ಹೆಚ್ಚು. ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತದೆ, ಅದರ ಶ್ವಾಸಕೋಶವೂ ಇನ್ನೂ ಬೆಳೆಯುತ್ತಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿ ಡೀಸೆಲ್ ಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಗೆ ಸೇರಿಸಿತು. 2012ರಲ್ಲಿ ‘ಬಹುಶಃ’ ಎಂಬ ಮಾತನ್ನು ತೆಗೆದುಹಾಕಿತು. ಇವೆರಡರ ನಡುವೆ, 1998ರ ಆಗಸ್ಟಿನಲ್ಲಿ, ಹಲವು ವರ್ಷಗಳ ಪರಿಶೀಲನೆಯ ಬಳಿಕ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯು ಡೀಸೆಲ್ ಮಸಿಯನ್ನು ವಿಷವಸ್ತು ಎಂದು ಘೋಷಿಸಿತು.

ಆದರೂ ಶಾಲಾ ಬಸ್ಸಿನ ಕಡೆಗೆ ಜನರ ಕಣ್ಣು ಹೊರಳಿದ್ದು 2001ರಲ್ಲಿ. ಎನ್‌ಆರ್‌ಡಿಸಿ ಎಂಬ ಪರಿಸರ ಸಂಸ್ಥೆ ಇತರರೊಡನೆ ಸೇರಿ ಲಾಸ್ ಏಂಜಲಿಸ್ ಪ್ರದೇಶದಲ್ಲಿ ಬಸ್ಸುಗಳನ್ನು ಬಾಡಿಗೆಗೆ ಪಡೆದು, ಒಳಗೆ ಮಾಪಕಗಳನ್ನು ಇಟ್ಟು ಓಡಿಸಿತು. ಬಸ್ಸಿನ ಮುಂದೆ ಒಂದು ಕಾರು, ಅದರಲ್ಲೂ ಮಾಪಕ. ಬಸ್ಸಿನೊಳಗಿನ ಡೀಸೆಲ್ ಮಸಿ ಮುಂದಿನ ಕಾರಿನೊಳಗಿನದಕ್ಕಿಂತ ನಾಲ್ಕು ಪಟ್ಟಿನವರೆಗೂ ಹೆಚ್ಚಿತ್ತು. ಕಿಟಕಿ ಮುಚ್ಚಿದಾಗ ಹಿಂದಿನ ಸೀಟುಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಮರುವರ್ಷ ಯೇಲ್ ವಿಶ್ವವಿದ್ಯಾಲಯದ ಜಾನ್ ವಾರ್ಗೋ ಮತ್ತು ಸಂಗಡಿಗರು ಕನೆಕ್ಟಿಕಟ್ ರಾಜ್ಯದಲ್ಲಿ ನಡೆಸಿದ ಅಧ್ಯಯನವೂ ಇದೇ ದಿಕ್ಕಿನಲ್ಲಿ ಬೆರಳು ತೋರಿಸಿತು.

ಇದು ಹೇಗೆ ಸಾಧ್ಯ? ಬಸ್ಸು ತನ್ನ ಹೊಗೆಯನ್ನು ತಾನೇ ಕುಡಿಯುತ್ತದೆ. ಸೈಲೆನ್ಸರಿನಿಂದ ಹೊರಬಿದ್ದ ಹೊಗೆ ಹಿಂಭಾಗದ ಬಿರುಕು, ಕಿಟಕಿಗಳಿಂದ ಒಳಗೆ ನುಸುಳುತ್ತದೆ. ಎಂಜಿನ್ನಿನ ಹೊಟ್ಟೆಯಿಂದ ಹೊರಬರುವ ಆವಿ ಮುಂದಿನ ಬಾಗಿಲು ತೆರೆದಾಗಲೆಲ್ಲ ಒಳಗೆ ಬರುತ್ತದೆ. ಶಾಲಾ ಬಸ್ಸಿನ ಬಾಗಿಲು ಎಷ್ಟು ಸಲ ತೆರೆಯುತ್ತದೆ ಎಂಬುದನ್ನು ನೀವೇ ಊಹಿಸಿ. ಮೇಲಾಗಿ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಸಾಲಾಗಿ ನಿಂತ ಬಸ್ಸುಗಳು ಎಂಜಿನ್ ಆರಿಸದೆ ಗುರುಗುಡುತ್ತಿರುತ್ತವೆ. ಹಿಂದಿನ ಬಸ್ಸಿನ ಮಕ್ಕಳಿಗೆ ಮುಂದಿನ ಬಸ್ಸಿನ ಹೊಗೆಯೂ ಸೇರುತ್ತದೆ.

ಇದಕ್ಕೆ ಕಾಸು ಖರ್ಚಿಲ್ಲದ ಪರಿಹಾರವೂ ಒಂದಿತ್ತು. 2003ರಲ್ಲಿ ಕ್ಯಾಲಿಫೋರ್ನಿಯಾ ಒಂದು ನಿಯಮ ಮಾಡಿತು: ಶಾಲೆಯಿಂದ 100 ಅಡಿಯೊಳಗೆ ಬಂದ ಕೂಡಲೇ ಡ್ರೈವರ್ ಎಂಜಿನ್ ಆರಿಸಬೇಕು, ಹೊರಡುವುದಕ್ಕೆ 30 ಸೆಕೆಂಡಿಗಿಂತ ಮೊದಲು ಮತ್ತೆ ಚಾಲೂ ಮಾಡಕೂಡದು. ಒಳ್ಳೆಯ ನಿಯಮವೇ. ಆದರೆ ಓಡುವಾಗಿನ ಹೊಗೆಗೆ ಏನು ಮಾಡುವುದು?

ಕಾನೂನಿನ ಕೈ ಎಲ್ಲಿಯವರೆಗೆ?

‘ಕಾನೂನು ಮಾಡಿ ಹೊಗೆ ನಿಲ್ಲಿಸಬಾರದೇ?’ ಎಂದು ನೀವು ಕೇಳಬಹುದು. ಮಾಡಿದರು, ಬಹಳ ಚೆನ್ನಾಗಿಯೇ ಮಾಡಿದರು. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ, ಅಂದರೆ ಇಪಿಎ, 2000ದ ಡಿಸೆಂಬರಿನಲ್ಲಿ ಅಂತಿಮಗೊಳಿಸಿದ ನಿಯಮದಂತೆ 2007ರ ಮಾದರಿಯಿಂದ ಬರುವ ಭಾರಿ ಡೀಸೆಲ್ ಎಂಜಿನ್ನುಗಳು ಮಸಿಯನ್ನು ಹಿಂದಿನ ಮಿತಿಯ ಹತ್ತರಲ್ಲಿ ಒಂದು ಪಾಲಿಗೆ ಇಳಿಸಬೇಕಾಯಿತು. ನೈಟ್ರೋಜನ್ ಆಕ್ಸೈಡಿನ ಬಿಗಿ 2010ರ ಹೊತ್ತಿಗೆ ಪೂರ್ಣವಾಗಿ ಜಾರಿಗೆ ಬಂತು. ಇದಕ್ಕೆಂದು ಡೀಸೆಲಿನ ಗಂಧಕದ ಪ್ರಮಾಣವನ್ನು ದಶಲಕ್ಷಕ್ಕೆ 500 ಭಾಗದಿಂದ 15 ಭಾಗಕ್ಕೆ ಇಳಿಸಿದರು. ಕಾರಣ, ಮಸಿಯನ್ನು ಹಿಡಿಯುವ ಜೇನುಗೂಡಿನಂತಹ ಪಿಂಗಾಣಿ ಸೋಸುಕದ ವ್ಯವಸ್ಥೆಗೆ ಗಂಧಕವೇ ಶತ್ರು.

ಆದರೆ ಈ ಕಾನೂನಿನ ಕೈ ಕಾರ್ಖಾನೆಯ ಬಾಗಿಲಿನವರೆಗೆ ಮಾತ್ರ ಚಾಚುತ್ತದೆ. 2007ರಿಂದ ಹೊರಬರುವ ಹೊಸ ಬಸ್ಸು ಶುದ್ಧ. 1988ರಲ್ಲಿ ಕೊಂಡ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಹಳೆಯದನ್ನು ಬಲವಂತದಿಂದ ನಿಲ್ಲಿಸಿದರೆ ಬಡ ಶಾಲೆಯ ಮಕ್ಕಳು ನಡೆದುಕೊಂಡು ಹೋಗಬೇಕಾಗುತ್ತದೆ. ನಿಲ್ಲಿಸದಿದ್ದರೆ, ದೀರ್ಘಾಯುಷ್ಯದ ವರ ಪಡೆದ ಆ ಎಂಜಿನ್ ಇನ್ನೂ ಹದಿನೈದು ವರ್ಷ ಹೊಗೆ ಕಾರುತ್ತಲೇ ಇರುತ್ತದೆ. ಡೀಸೆಲಿನ ದೊಡ್ಡ ಗುಣವೇ ಇಲ್ಲಿ ದೊಡ್ಡ ದೋಷವಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂತಹ ಉಪಾಯವೊಂದು ಬೇಕಾಗಿತ್ತು.

ಕ್ಯಾಲಿಫೋರ್ನಿಯಾದ ಉಪಾಯ

ಆ ಉಪಾಯಕ್ಕೆ ಗಟ್ಟಿ ರೂಪ ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ. ಶುದ್ಧ ಇಂಧನಗಳ ವಿಷಯದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಲ್ ಮೋಯರ್ ಎಂಬ ತಜ್ಞರು ಸರ್ಕಾರ ಮತ್ತು ಉದ್ಯಮ ಕೈಜೋಡಿಸುವ ದಾರಿಯೊಂದನ್ನು ಯೋಚಿಸಿದ್ದರು. ಅವರು ತೀರಿಕೊಂಡ ಮೇಲೆ, 1998ರಲ್ಲಿ ಅವರ ಹೆಸರಿನಲ್ಲೇ ಯೋಜನೆ ಆರಂಭವಾಯಿತು. ಮೊದಲ ವರ್ಷ ರಾಜ್ಯ ಬಜೆಟ್ಟಿನಲ್ಲಿ ಇದಕ್ಕೆ ತೆಗೆದಿಟ್ಟದ್ದು 2.5 ಕೋಟಿ ಡಾಲರ್. ಲಾರಿ, ಟ್ರಾಕ್ಟರು, ದೋಣಿ ಯಾವುದರ ಎಂಜಿನ್ನೇ ಆಗಲಿ, ಕಾನೂನು ಕೇಳುವುದಕ್ಕಿಂತ ಶುದ್ಧವಾದದ್ದನ್ನು ಹಾಕಿಸಿಕೊಂಡರೆ ಹೆಚ್ಚಿನ ಖರ್ಚನ್ನು ಸರ್ಕಾರ ತುಂಬಿಕೊಡುತ್ತದೆ. ಷರತ್ತು ಒಂದೇ: ಒಂದೊಂದು ಟನ್ ಮಾಲಿನ್ಯ ತಗ್ಗಿಸಲು ಎಷ್ಟು ಡಾಲರ್ ಬಿತ್ತು ಎಂಬ ಲೆಕ್ಕ ಗೊತ್ತಾದ ಮಿತಿಯನ್ನು ಮೀರಬಾರದು. ಅಂದರೆ ಸರ್ಕಾರ ಗಾಳಿಯ ಶುದ್ಧತೆಯನ್ನು ಟನ್ ಲೆಕ್ಕದಲ್ಲಿ ಕೊಳ್ಳತೊಡಗಿತು.

2000ದ ಡಿಸೆಂಬರಿನಲ್ಲಿ ಅದೇ ರಾಜ್ಯ ಶಾಲಾ ಬಸ್ಸುಗಳಿಗೆಂದೇ ಪ್ರತ್ಯೇಕ ಯೋಜನೆ ತಂದಿತು. ಮೊದಲ ಕಂತು 5 ಕೋಟಿ ಡಾಲರ್. 1977ರ ಸುರಕ್ಷತಾ ನಿಯಮಗಳಿಗಿಂತ ಹಿಂದಿನ ಬಸ್ಸುಗಳು ಇನ್ನೂ ಓಡುತ್ತಿದ್ದವು. ಅವುಗಳಿಗೆ ಮೊದಲ ಮಣೆ. ಉಳಿದ ಬಸ್ಸುಗಳಿಗೆ ಮಸಿ ಹಿಡಿಯುವ ಸೋಸುಕ ಕೂಡಿಸಲೂ ಹಣ ಸಿಕ್ಕಿತು. 2006ರಲ್ಲಿ ರಾಜ್ಯದ ಮತದಾರರು ಒಪ್ಪಿದ ಸಾಲಪತ್ರದ ಹಣದಲ್ಲಿ 20 ಕೋಟಿ ಡಾಲರ್ ಶಾಲಾ ಬಸ್ಸುಗಳಿಗೆ ಮೀಸಲಾಯಿತು.

ಇಲ್ಲಿ ನಮ್ಮ ಊರಿನ ನಂಟಿರುವ ಒಂದು ಹೆಸರನ್ನು ಹೇಳಬೇಕು. ಬೆಂಗಳೂರಿನಲ್ಲಿ ಬೆಳೆದು, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಮುಂದೆ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಹವಾಮಾನ ವಿಜ್ಞಾನಿಯಾಗಿ ಹೆಸರಾದ ವೀರಭದ್ರನ್ ರಾಮನಾಥನ್ ಅವರ ನೇತೃತ್ವದ ತಂಡ 2013ರಲ್ಲಿ ಒಂದು ವರದಿ ಕೊಟ್ಟಿತು. 1980ರ ದಶಕದ ಕೊನೆಯಿಂದ ಎರಡು ದಶಕಗಳಲ್ಲಿ ಆ ರಾಜ್ಯದ ಗಾಳಿಯಲ್ಲಿ ಕಪ್ಪು ಮಸಿ ಸುಮಾರು ಅರ್ಧಕ್ಕೆ ಇಳಿದಿತ್ತು. ಅದರ ಮುಖ್ಯ ಕಾರಣ ಡೀಸೆಲ್ ಹೊಗೆಯ ನಿಯಂತ್ರಣ. ಮಸಿ ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತದೆ. ಆದ್ದರಿಂದ ಶ್ವಾಸಕೋಶಕ್ಕೆ ಆದ ಲಾಭ ಹವಾಮಾನಕ್ಕೂ ಆಯಿತು.

ಅರ್ಜಿ, ಚೀಟಿ, ಅದೃಷ್ಟ

ಕ್ಯಾಲಿಫೋರ್ನಿಯಾ ಮಾಡಿದ್ದನ್ನು ದೇಶಕ್ಕೆ ಹಬ್ಬಿಸುವ ಕೆಲಸ ನಿಧಾನವಾಗಿ ನಡೆಯಿತು. 2003ರಲ್ಲಿ ಇಪಿಎ ಶಾಲಾ ಬಸ್ಸುಗಳ ಶುದ್ಧೀಕರಣಕ್ಕೆ ಸಣ್ಣ ಮೊತ್ತದ ಯೋಜನೆ ಆರಂಭಿಸಿತು. 2005ರ ಆಗಸ್ಟಿನಲ್ಲಿ ಇಂಧನ ನೀತಿ ಕಾಯಿದೆಯ ಭಾಗವಾಗಿ ಡೀಸೆಲ್ ಹೊಗೆ ತಗ್ಗಿಸುವ ಕಾನೂನು ಬಂತು. ಇದರ ಬೆನ್ನಿಗೆ ನಿಂತ ಪ್ರಮುಖರು ಒಹಾಯೊ ರಾಜ್ಯದ ಸೆನೆಟರ್ ಜಾರ್ಜ್ ವೊಯ್ನೊವಿಚ್. ವರ್ಷಕ್ಕೆ 20 ಕೋಟಿ ಡಾಲರಿನಂತೆ ಐದು ವರ್ಷ ಖರ್ಚು ಮಾಡಲು ಕಾನೂನು ಅನುಮತಿ ಕೊಟ್ಟಿತು. ಆದರೆ ಕಾಗದದ ಅನುಮತಿ ಬೇರೆ, ಕೈಗೆ ಬರುವ ಹಣ ಬೇರೆ; ಮೊದಲ ಹಣ ಬಿಡುಗಡೆಯಾದದ್ದು 2008ರಲ್ಲಿ, ಅದೂ ಸುಮಾರು 5 ಕೋಟಿ. ಆರ್ಥಿಕ ಕುಸಿತದ 2009ರಲ್ಲಿ ಪುನಶ್ಚೇತನ ಕಾಯಿದೆಯಿಂದ ಒಮ್ಮೆಗೇ 30 ಕೋಟಿ ಬಂತು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಅನುದಾನ ಬೇಕಾದರೆ ಉದ್ದನೆಯ ಪ್ರಸ್ತಾವನೆ ಬರೆಯಬೇಕು, ಲೆಕ್ಕಪತ್ರ ಒದಗಿಸಬೇಕು. ಮೂರು ಬಸ್ಸಿರುವ ಹಳ್ಳಿಯ ಶಾಲಾ ಜಿಲ್ಲೆಯಲ್ಲಿ ಇದನ್ನೆಲ್ಲ ಬರೆಯುವವರಾರು? 2011ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದ ತಿದ್ದುಪಡಿಯು ಅನುದಾನದ ಜೊತೆಗೆ ‘ರಿಬೇಟು’ ಕೊಡುವ ಅಧಿಕಾರವನ್ನೂ ಇಪಿಎಗೆ ಕೊಟ್ಟಿತು. ನಮ್ಮ ಕಥೆಯ ರಿಬೇಟು ಹುಟ್ಟಿದ್ದು ಹೀಗೆ. ಸರಳವಾದ ಅರ್ಜಿ ನಮೂನೆ. ಆಯ್ಕೆಯಾದರೆ ಹೊಸ ಬಸ್ಸು ಕೊಳ್ಳಿ, ಹಳೆಯದನ್ನು ಮುರಿಯಿರಿ, ದಾಖಲೆ ಕಳುಹಿಸಿ, ಹಣ ಪಡೆಯಿರಿ. 2012ರಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಒಂದು ಬಸ್ಸಿಗೆ ಅದರ ಗಾತ್ರ ನೋಡಿ 20ರಿಂದ 30 ಸಾವಿರ ಡಾಲರ್ ಗೊತ್ತಾಗಿತ್ತು. ಹೊಸ ಬಸ್ಸಿನ ಬೆಲೆಯ ಸುಮಾರು ಕಾಲು ಭಾಗ ಎನ್ನಬಹುದು.

ಬಂದ ಅರ್ಜಿಗಳು ಇದ್ದ ಹಣಕ್ಕಿಂತ ಬಹಳ ಹೆಚ್ಚು. ಯಾರಿಗೆ ಕೊಡುವುದು? ಶಿಫಾರಸಿನ ಗೊಡವೆಯೇ ಬೇಡವೆಂದು ಚೀಟಿ ಎತ್ತಿದರು. ಹೌದು, ಲಾಟರಿ. ಯಾವ ಊರಿನ ಮಕ್ಕಳು ಶುದ್ಧ ಗಾಳಿ ಉಸಿರಾಡಬೇಕು ಎಂಬುದು ಅದೃಷ್ಟದ ಚೀಟಿಯಲ್ಲಿ ನಿರ್ಧಾರವಾಯಿತು.

ತೂತಿನ ಮಹತ್ವ

ಈಗ ಆ ಮೂರು ಅಂಗುಲದ ತೂತಿಗೆ ಮರಳೋಣ. ಅಮೆರಿಕದ ಶಾಲೆಯಿಂದ ನಿವೃತ್ತವಾದ ಬಸ್ಸಿನ ಆಯುಸ್ಸು ಅಲ್ಲಿಗೇ ಮುಗಿಯುವುದಿಲ್ಲ. ಹರಾಜಿನಲ್ಲಿ ಮಾರಾಟವಾಗಿ ಇನ್ನೊಂದು ಕಡೆ ಓಡುತ್ತದೆ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶಕ್ಕೆ ಹೋದರೆ ಕೆಂಪು, ನೀಲಿ, ಹಸಿರು ಬಣ್ಣಗಳಿಂದ ಸಿಂಗರಿಸಿಕೊಂಡು ಜನರನ್ನು ತುಂಬಿಕೊಂಡು ಗುಡ್ಡ ಹತ್ತುವ ಬಸ್ಸುಗಳು ಕಾಣುತ್ತವೆ. ಇವು ಒಂದು ಕಾಲಕ್ಕೆ ಅಮೆರಿಕದ ಹಳದಿ ಶಾಲಾ ಬಸ್ಸುಗಳೇ! ಹಣ ಕೊಟ್ಟು ಹೊಸ ಬಸ್ಸು ಕೊಡಿಸಿ ಹಳೆಯದನ್ನು ಹಾಗೇ ಬಿಟ್ಟರೆ ಹೊಗೆ ಕಡಿಮೆಯಾದಂತೆ ಆಗಲಿಲ್ಲ, ಊರು ಬದಲಿಸಿದಂತಾಯಿತು. ಬಿಡಿಭಾಗವಾಗಿ ಎಂಜಿನ್ ಮಾತ್ರ ಬೇರೊಂದು ಗಾಡಿಯೊಳಗೆ ಹೋಗಿ ಕೂತರೂ ಅಷ್ಟೆ. ಬ್ಲಾಕಿಗೆ ತೂತು ಬಿದ್ದ ಎಂಜಿನ್ನನ್ನು ಯಾವ ಮೆಕ್ಯಾನಿಕ್ಕೂ ಮತ್ತೆ ಓಡಿಸಲಾರ. ಅರ್ಜಿ ಹಾಕುವಾಗ ಬಸ್ಸು ಓಡುತ್ತಿರಲೇಬೇಕು ಎಂಬ ಷರತ್ತೂ ಇತ್ತು. ಮೂಲೆಯಲ್ಲಿ ತುಕ್ಕು ಹಿಡಿದು ನಿಂತದ್ದಕ್ಕೆ ಹಣವಿಲ್ಲ. ಅದು ಆಗಲೇ ಸತ್ತಿದೆ, ಅದರಿಂದ ಹೊಗೆ ಇಲ್ಲ.

ಆದ್ದರಿಂದ ದುಂದುಗಾರಿಕೆಯಂತೆ ಕಾಣುವ ಆ ತೂತೇ ಯೋಜನೆಯ ಪ್ರಾಣ. ಅದಿಲ್ಲದಿದ್ದರೆ ಇಡೀ ಯೋಜನೆ ಬಸ್ಸು ಮಾರುವವರಿಗೆ ಸಿಕ್ಕ ಖಾದಿ ರಿಬೇಟಿನಂತೆ ಆಗಿಬಿಡುತ್ತಿತ್ತು.

ಮಕ್ಕಳಿಗೆ ಏನು ದಕ್ಕಿತು?

ಇಷ್ಟು ಹಣ ಸುರಿದದ್ದರಿಂದ ಮಕ್ಕಳಿಗೆ ನಿಜವಾಗಿ ಪ್ರಯೋಜನವಾಯಿತೇ? ಇದನ್ನು ಅಳೆಯುವುದು ಸುಲಭವಲ್ಲ. ಹೊಸ ಬಸ್ಸು ಕೊಂಡ ಶಾಲೆ ಮೊದಲೇ ಅನುಕೂಲವಂತ ಶಾಲೆಯಾಗಿದ್ದರೆ, ಅಲ್ಲಿನ ಮಕ್ಕಳ ಆರೋಗ್ಯ ಚೆನ್ನಾಗಿರುವುದು ಬಸ್ಸಿನಿಂದಲೋ ಅನುಕೂಲದಿಂದಲೋ ಹೇಳುವುದು ಹೇಗೆ?

ಇಲ್ಲಿ ಆ ಲಾಟರಿ ಅನಿರೀಕ್ಷಿತವಾಗಿ ನೆರವಿಗೆ ಬಂತು. ಅರ್ಜಿ ಹಾಕಿದವರೆಲ್ಲ ಹೆಚ್ಚುಕಡಿಮೆ ಒಂದೇ ಸ್ಥಿತಿಯವರು. ಚೀಟಿ ಬಂದವರಿಗೂ ಬಾರದವರಿಗೂ ಇದ್ದ ವ್ಯತ್ಯಾಸ ಅದೃಷ್ಟ ಮಾತ್ರ. ಹೊಸ ಔಷಧಿಯನ್ನು ಪರೀಕ್ಷಿಸುವಾಗ ವೈದ್ಯರು ಬೇಕೆಂದೇ ಮಾಡುವ ವಿಂಗಡಣೆ ಇಲ್ಲಿ ತಾನಾಗಿ ಒದಗಿತ್ತು. ಇದನ್ನು ಗುರುತಿಸಿದ ಮಿಷಿಗನ್ ವಿಶ್ವವಿದ್ಯಾಲಯದ ಸಾರಾ ಅಡಾರ್ ಮತ್ತು ಸಹೋದ್ಯೋಗಿಗಳು 2012ರಿಂದ 2017ರವರೆಗಿನ ಲಾಟರಿಗಳ ಶಾಲಾ ಹಾಜರಿಯನ್ನು ತುಲನೆ ಮಾಡಿ 2023ರಲ್ಲಿ ಪ್ರಕಟಿಸಿದರು. ಚೀಟಿ ಬಂದ ಶಾಲಾ ಜಿಲ್ಲೆಗಳಲ್ಲಿ ಹಾಜರಿ ಹೆಚ್ಚು ಸುಧಾರಿಸಿತ್ತು. ಆ ಹಣದಿಂದಾಗಿ ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಮೀರಿ ‘ವಿದ್ಯಾರ್ಥಿ ದಿನ’ಗಳು ಉಳಿದವು ಎಂದು ಅವರ ಅಂದಾಜು. ಅಂದರೆ ಕೆಮ್ಮು, ಉಬ್ಬಸವೆಂದು ಮನೆಯಲ್ಲಿ ಮಲಗಬಹುದಾಗಿದ್ದ ಮಕ್ಕಳು ತರಗತಿಯಲ್ಲಿ ಕುಳಿತ ದಿನಗಳು. ಅತಿ ಹಳೆಯ ಬಸ್ಸುಗಳನ್ನು ತೆಗೆದ ಕಡೆಗಳಲ್ಲೇ ಲಾಭವೂ ಅತಿ ಹೆಚ್ಚು. 2000ಕ್ಕೆ ಮೊದಲಿನ ಬಸ್ಸುಗಳನ್ನೆಲ್ಲ ದೇಶದಾದ್ಯಂತ ತೆಗೆದರೆ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ದಿನಗಳು ಉಳಿದಾವು ಎಂದೂ ಅವರು ಲೆಕ್ಕ ಹಾಕಿದರು.

ಈ ಮಾತಿನ ಇನ್ನೊಂದು ಮಗ್ಗುಲನ್ನೂ ನೋಡಿ. ಚೀಟಿ ಬಾರದ ಊರಿನ ಮಕ್ಕಳು ಆ ದಿನಗಳನ್ನು ಕಳೆದುಕೊಂಡರು. ಒಳ್ಳೆಯ ಪುರಾವೆಗೆ ಅವರು ತೆತ್ತ ಬೆಲೆ ಅದು.

ವಿದ್ಯುತ್ ಬಸ್ಸಿನ ಕಾಲ

2015ರಲ್ಲಿ ಇನ್ನೊಂದು ಘಟನೆ ನಡೆಯಿತು. ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ, ಪರೀಕ್ಷೆಯ ವೇಳೆ ಮಾತ್ರ ಹೊಗೆ ಕಡಿಮೆ ತೋರಿಸುವ ತಂತ್ರಾಂಶ ಅಡಗಿಸಿದ್ದು ಬಯಲಾಯಿತು. ರಾಜಿ ಒಪ್ಪಂದಗಳ ಫಲವಾಗಿ ಅಮೆರಿಕದ ರಾಜ್ಯಗಳಿಗೆ ಸುಮಾರು 290 ಕೋಟಿ ಡಾಲರಿನ ಪರಿಹಾರ ನಿಧಿ ದೊರೆಯಿತು. ಹಲವು ರಾಜ್ಯಗಳು ಅದರಲ್ಲಿ ಒಂದು ಪಾಲನ್ನು ಶಾಲಾ ಬಸ್ಸು ಬದಲಿಸಲು ಬಳಸಿದವು.

2021ರ ನವೆಂಬರಿನ ಮೂಲಸೌಕರ್ಯ ಕಾಯಿದೆ ಲೆಕ್ಕವನ್ನೇ ಬದಲಿಸಿತು. ಐದು ಹಣಕಾಸು ವರ್ಷಗಳಿಗೆ, ಅಂದರೆ 2022ರಿಂದ 2026ರವರೆಗೆ, ಶಾಲಾ ಬಸ್ಸುಗಳಿಗೆಂದೇ 500 ಕೋಟಿ ಡಾಲರ್. 2022ರ ಮೊದಲ ಸುತ್ತಿಗೆ 50 ಕೋಟಿ ಇಟ್ಟಿದ್ದರು. ಬಂದ ಬೇಡಿಕೆ ಸುಮಾರು 400 ಕೋಟಿಯದು. ಮೊತ್ತವನ್ನು ಇಮ್ಮಡಿಗೊಳಿಸಿ ಸುಮಾರು 390 ಶಾಲಾ ಜಿಲ್ಲೆಗಳಿಗೆ ಹತ್ತಿರ ಹತ್ತಿರ 2,500 ಬಸ್ಸು ಮಂಜೂರು ಮಾಡಿದರು. ಅವುಗಳಲ್ಲಿ ನೂರಕ್ಕೆ 95 ವಿದ್ಯುತ್ ಬಸ್ಸುಗಳು. ಬಡ ಮತ್ತು ಗ್ರಾಮೀಣ ಜಿಲ್ಲೆಗಳಿಗೆ ಆದ್ಯತೆ ದೊರೆಯಿತು. ದೊಡ್ಡ ವಿದ್ಯುತ್ ಬಸ್ಸಿಗೆ 3 ಲಕ್ಷ 75 ಸಾವಿರ ಡಾಲರಿನವರೆಗೆ. ಇನ್ನೊಂದು ಸಣ್ಣ ಬದಲಾವಣೆ ಕಣ್ಣಿಗೆ ಬೀಳದಿದ್ದರೂ ದೊಡ್ಡದು: ಹಣವನ್ನು ಬಸ್ಸು ಬಂದ ಮೇಲಲ್ಲ, ಖರೀದಿ ಆದೇಶ ತೋರಿಸಿದ ಕೂಡಲೇ ಬಿಡುಗಡೆ ಮಾಡಿದರು. ಕೈಯಿಂದ ಮೊದಲು ಹಾಕಲು ಹಣವಿಲ್ಲದವನಿಗೆ ‘ಆಮೇಲೆ ಕೊಡುತ್ತೇನೆ’ ಎಂಬ ರಿಬೇಟು ಕನ್ನಡಿಯೊಳಗಿನ ಗಂಟು ಎಂಬುದು ಹತ್ತು ವರ್ಷಗಳ ಅನುಭವದಿಂದ ತಿಳಿದಿತ್ತು.

ಎಲ್ಲವೂ ಸುಗಮವಾಗಿ ನಡೆಯಿತೆಂದಲ್ಲ. ಬಸ್ಸು ಬಂದರೂ ಚಾರ್ಜ್ ಮಾಡಲು ವಿದ್ಯುತ್ ಕಂಪನಿಯ ಸಂಪರ್ಕ ತಿಂಗಳುಗಟ್ಟಲೆ ತಡವಾಯಿತು. 2024ರ ಕೊನೆಯಲ್ಲಿ ಬಸ್ಸು ತಯಾರಿಸುವ ಕಂಪನಿಯೊಂದು ದಿವಾಳಿ ಅರ್ಜಿ ಹಾಕಿತು. ಅದನ್ನು ನೆಚ್ಚಿದ್ದ ಶಾಲೆಗಳು ಪೇಚಿಗೆ ಸಿಕ್ಕವು. 2025ರ ಆರಂಭದಲ್ಲಿ ಸರ್ಕಾರ ಬದಲಾದಾಗ ಮಂಜೂರಾದ ಹಣವೂ ಕೆಲಕಾಲ ತಡೆಹಿಡಿಯಲ್ಪಟ್ಟಿತು. ಸರ್ಕಾರದ ಕೈ ನೋಡಿ ನಡೆಯುವ ಯೋಜನೆಗೆ ಇರುವ ಅಪಾಯವೇ ಇದು.

ನಮ್ಮ ಮನೆಯ ಬಾಗಿಲಿಗೆ

ಕೊನೆಯದಾಗಿ ನಮ್ಮ ದೇಶದ ಮಾತು. ಕಾರ್ಲ್ ಮೋಯರ್ ಯೋಜನೆ ಹುಟ್ಟಿದ ಅದೇ 1998ರ ಜುಲೈ 28ರಂದು ನಮ್ಮ ಸುಪ್ರೀಂ ಕೋರ್ಟು ವಕೀಲ ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ದೆಹಲಿಯ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಆದೇಶಿಸಿತು. 1990ರ ಬಳಿಕದ ಆಟೋ, ಟ್ಯಾಕ್ಸಿಗಳನ್ನು ಬದಲಿಸಲು ಹಣಕಾಸಿನ ಉತ್ತೇಜನ ಕೊಡಬೇಕೆಂಬ ಮಾತೂ ಆ ಆದೇಶದಲ್ಲಿತ್ತು. ಗಡುವು ಮತ್ತೆ ಮತ್ತೆ ಮುಂದೆ ಹೋಗಿ 2002ರ ಕೊನೆಗೆ ಕೆಲಸ ಮುಗಿಯಿತು. ಅಲ್ಲಿ ಥೈಲಿಯಿಂದ ನಡೆದದ್ದು ಇಲ್ಲಿ ಹೆಚ್ಚಾಗಿ ದಂಡದಿಂದ ನಡೆಯಿತು.

ಮುಂದೆ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು. ಹೊಸ ವಾಹನಗಳ ಮಟ್ಟಿಗೆ ನಾವೂ ಮೇಲಿನ ಮೆಟ್ಟಿಲು ಹತ್ತಿದೆವು. 2021ರ ಆಗಸ್ಟಿನಲ್ಲಿ ವಾಹನ ಗುಜರಿ ನೀತಿ ಘೋಷಣೆಯಾಯಿತು. ನೋಂದಾಯಿತ ಕೇಂದ್ರದಲ್ಲಿ ಹಳೆಯ ವಾಹನ ಒಪ್ಪಿಸಿದ ಪ್ರಮಾಣಪತ್ರ ತೋರಿಸಿದರೆ ಹೊಸದರ ರಸ್ತೆ ತೆರಿಗೆಯಲ್ಲಿ ಖಾಸಗಿ ವಾಹನಕ್ಕೆ ಶೇ. 25, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ರಿಯಾಯಿತಿ ಕೊಡಲು ಅವಕಾಶವಾಯಿತು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿತು.

ಈ ಕಥೆಯಿಂದ ನಾವು ಕಲಿಯಬೇಕಾದದ್ದು ಇಷ್ಟೆ. ಹೊಸ ವಾಹನ ಎಷ್ಟೇ ಶುದ್ಧವಾಗಿರಲಿ, ಹಳೆಯದು ಪಕ್ಕದ ಊರಿನಲ್ಲಿ ಓಡುತ್ತಿರುವವರೆಗೆ ಗಾಳಿ ಶುದ್ಧವಾಗುವುದಿಲ್ಲ. ಹಳೆಯ ವಾಹನ ಉಳಿಯುವುದು ಯಾವಾಗಲೂ ಇಲ್ಲದವರ ಪಾಲಿಗೆ. ಅವರಿಗೆ ಮೊದಲು, ಅದೂ ಮುಂಗಡವಾಗಿ, ಸಹಾಯ ಮುಟ್ಟದಿದ್ದರೆ ಯೋಜನೆ ಉಳ್ಳವರ ಮನೆಗೇ ಹೋಗುತ್ತದೆ.

ನಾಳೆ ಬೆಳಿಗ್ಗೆ ನಿಮ್ಮ ಮಗುವನ್ನೋ ಮೊಮ್ಮಗುವನ್ನೋ ಶಾಲೆಯ ಬಸ್ಸಿಗೆ ಹತ್ತಿಸುವಾಗ ಒಂದು ಕ್ಷಣ ನಿಲ್ಲಿ. ಬಸ್ಸಿನ ಬಣ್ಣ ನೋಡಬೇಡಿ. ಅದನ್ನು 1939ರಲ್ಲೇ ಯಾರೋ ಯೋಚಿಸಿದ್ದಾರೆ. ಅದು ಯಾವ ಇಸವಿಯ ಗಾಡಿ ಎಂದು ಡ್ರೈವರನ್ನು ಕೇಳಿ. ಗೇಟಿನ ಮುಂದೆ ನಿಂತಾಗ ಎಂಜಿನ್ ಆರಿಸುತ್ತಾರೆಯೇ ನೋಡಿ. ಆರಿಸದಿದ್ದರೆ, ‘ಸ್ವಲ್ಪ ಆಫ್ ಮಾಡಿಬಿಡಿ ಅಣ್ಣಾ, ಒಳಗೆ ಮಕ್ಕಳಿದ್ದಾರೆ’ ಎಂದು ಹೇಳಿ. ಅದಕ್ಕೆ ಯಾವ ರಿಬೇಟೂ ಬೇಕಾಗಿಲ್ಲ.